ತಂಬಿಗೆ ತುಳುಕದ ಕಾರು

ಆ ವರ್ಷ ನಮ್ಮ ಮನೆಯಲ್ಲಿ ಯಾರೂ ಓಡುತ್ತಿರಲಿಲ್ಲ. ಓಡಿದರೆ ನೆಲ ಅದುರುತ್ತಿತ್ತು, ನೆಲ ಅದುರಿದರೆ ನಡುಮನೆಯ ಮಂಚ ಅದುರುತ್ತಿತ್ತು, ಮಂಚ ಅದುರಿದರೆ ಅದರ ಮೇಲೆ ಮಲಗಿದ್ದ ನನ್ನಕ್ಕ ರತ್ನ ಹಲ್ಲು ಕಚ್ಚಿಕೊಳ್ಳುತ್ತಿದ್ದಳು. ರಾಜಾಜಿನಗರದ ಆ ಮನೆಗೆ ಇದ್ದದ್ದು ಒಂದು ವರಾಂಡ, ಒಂದು ನಡುಮನೆ, ಒಂದು ಕೋಣೆ, ಅಡುಗೆಮನೆ, ಹಂಡೆ ಹೂತ ಬಚ್ಚಲು, ಅಷ್ಟೆ. ಎಲ್ಲಿಂದ ಎಲ್ಲಿಗೆ ಹೋಗಬೇಕಾದರೂ ನಡುಮನೆ ದಾಟಲೇಬೇಕು. ಅಮ್ಮ ಬಾಗಿಲುಗಳ ಚೌಕಟ್ಟಿಗೆಲ್ಲ ಹಳೇ ಸೀರೆಯ ತುಂಡು ಸುತ್ತಿದ್ದಳು, ಗಾಳಿಗೆ ಬಾಗಿಲು ಬಡಿದರೂ ಸದ್ದು ಬರಬಾರದೆಂದು. ಒರಳುಕಲ್ಲಿನ ಕೆಲಸ ಪಕ್ಕದ ಮನೆಗೆ ಹೋಯಿತು. ಇಡ್ಲಿಗೆ ರುಬ್ಬುವ ದಿನ ಅಮ್ಮ ನೆನೆಸಿದ ಬೇಳೆಯ ಪಾತ್ರೆ ಹೊತ್ತು ಅವರ ಹಿತ್ತಲಿಗೆ ಹೋಗಿ ಬರುತ್ತಿದ್ದಳು. ನಾನು ಒಂಬತ್ತು ವರ್ಷದವಳು, ತುದಿಗಾಲಲ್ಲಿ ನಡೆಯುವುದನ್ನು ಆ ಮನೆಯಲ್ಲೇ ಕಲಿತೆ. ಇವತ್ತಿಗೂ ನಾನು ಬೆಕ್ಕಿನ ಹಾಗೆ ಬಂದು ಹಿಂದೆ ನಿಲ್ಲುತ್ತೇನೆಂದು ನನ್ನ ಗಂಡ ಬೆಚ್ಚಿಬಿದ್ದು ಬೈಯುವುದುಂಟು. ಯಾರ ಮನೆಯಲ್ಲಾದರೂ ಮಕ್ಕಳು ದಬದಬ ಓಡಿದರೆ ನನಗೆ ಇಂದಿಗೂ ಮೈ ಉರಿಯುತ್ತದೆ. ಆಮೇಲೆ ನನ್ನ ಮೇಲೇ ನಾಚಿಕೆಯಾಗುತ್ತದೆ.

ರತ್ನ ನನಗಿಂತ ನಾಲ್ಕು ವರ್ಷ ದೊಡ್ಡವಳು. ಕುಂಟೆಬಿಲ್ಲೆಯಲ್ಲಿ ನಮ್ಮ ಬೀದಿಯಲ್ಲಿ ಅವಳನ್ನು ಮೀರಿಸಿದವರಿರಲಿಲ್ಲ. ಮೊದಲು ಬೆನ್ನು ನೋವೆಂದಳು, ಕುಣಿದದ್ದು ಹೆಚ್ಚಾಯಿತೆಂದು ಅಮ್ಮ ಗದರಿದಳು. ಆಮೇಲೆ ಬಗ್ಗಿ ಪುಸ್ತಕ ಎತ್ತಿಕೊಳ್ಳಲು ಆಗದೆ, ತೊಡೆಯ ಮೇಲೆ ಕೈಯೂರಿ ಕುಕ್ಕರಗಾಲಲ್ಲಿ ಕೂತು ಎತ್ತಿಕೊಳ್ಳತೊಡಗಿದಳು. ದೊಡ್ಡಾಸ್ಪತ್ರೆಯ ಡಾಕ್ಟರು ಬೆನ್ನುಮೂಳೆಗೆ ಕ್ಷಯ ಹಿಡಿದಿದೆ ಎಂದರು. ಗುಳಿಗೆ, ದಿನಕ್ಕೊಂದು ಸೂಜಿ, ಮೈಯಳತೆಗೆ ಮಾಡಿದ ಪ್ಲಾಸ್ಟರಿನ ಹಾಸಿಗೆ. ಎರಡು ವಾರಕ್ಕೊಮ್ಮೆ ಕರೆತರಬೇಕು, ಆದರೆ ಬೆನ್ನು ಕುಲುಕಬಾರದು. ಇದೊಂದನ್ನು ಅವರು ಮೂರು ಸಲ ಹೇಳಿದರಂತೆ. ಅಮ್ಮ ಬೀದಿಯವರಿಗೆ ಕ್ಷಯದ ಮಾತೇ ಎತ್ತದೆ 'ಬೆನ್ನು ನೋವು' ಎಂದಷ್ಟೇ ಹೇಳಿದಳು. ರತ್ನಳ ಬೆನ್ನಿನಲ್ಲಿ ಒಂದು ಕಡೆ ಮೂಳೆ ಗಂಟಿನಂತೆ ಎದ್ದು ನಿಂತಿತ್ತು. ಅದಕ್ಕೆ ಎಲ್ಲರಿಗೂ ಗೊತ್ತಿದ್ದ ಒಂದು ಹೆಸರಿದೆ, ಗೂನು. ಆ ಪದವನ್ನು ನಮ್ಮ ಮನೆಯಲ್ಲಿ ಯಾರೂ ಆಡಕೂಡದೆಂದು ಅಮ್ಮ ಹೇಳಿರಲಿಲ್ಲ. ಆದರೂ ಯಾರೂ ಆಡುತ್ತಿರಲಿಲ್ಲ.

ಮಲಗಿದವರು ಉಣ್ಣುವುದು ಸುಲಭವಲ್ಲ. ಅಪ್ಪನ ತಾಯಿ, ನಮ್ಮಜ್ಜಿ, ಆ ಕೆಲಸವನ್ನು ಯಾರಿಗೂ ಬಿಟ್ಟುಕೊಡಲಿಲ್ಲ. ಮುದ್ದೆಯನ್ನು ಕಡಲೆಕಾಳಿನ ಗಾತ್ರಕ್ಕೆ ಮುರಿದು, ಬಸ್ಸಾರಿನಲ್ಲಿ ಹೊರಳಿಸಿ, ರತ್ನಳ ಕೆನ್ನೆಯೊಳಗೆ ಇಡುತ್ತಿದ್ದಳು. ಒಬ್ಬಳೇ ಮಲಗಿ ಉಂಡರೆ ಮಗುವಿಗೆ ಬೇಜಾರೆಂದು ನನ್ನನ್ನೂ ಮಂಚದ ಪಕ್ಕ ಚಾಪೆಯ ಮೇಲೆ ಮಲಗಿಸಿ ತಿನ್ನಿಸುತ್ತಿದ್ದಳು. ಇಬ್ಬರೂ ಸೂರು ನೋಡುತ್ತಾ ಉಣ್ಣುತ್ತಿದ್ದೆವು. ಸೂರಿನಲ್ಲೊಂದು ಹಲ್ಲಿ ಇತ್ತು, ಅದಕ್ಕೆ ನಾವು ಹೆಡ್‌ಮಾಸ್ತರೆಂದು ಹೆಸರಿಟ್ಟಿದ್ದೆವು. ಉಣ್ಣುವಾಗ ನಗಿಸಬಾರದೆಂದು ಅಜ್ಜಿಯ ಕಟ್ಟಪ್ಪಣೆಯಿತ್ತು, ನಾನು ನಗಿಸುತ್ತಿದ್ದೆ, ಬೈಸಿಕೊಳ್ಳುತ್ತಿದ್ದೆ. ಹೇಳಿದರೆ ತಪ್ಪಾಗಿ ಕೇಳಬಹುದು, ಆದರೆ ಅಕ್ಕ ಅಷ್ಟು ಪೂರ್ತಿಯಾಗಿ ನನ್ನವಳಾಗಿದ್ದದ್ದು ಅವಳು ಮಲಗಿದ ಮೇಲೇ. ಅದಕ್ಕೆ ಮುಂಚೆ ಅವಳಿಗೆ ಗೆಳತಿಯರಿದ್ದರು.

ಆಸ್ಪತ್ರೆಯ ದಿನ ಮಾತ್ರ ಅವಳು ನನ್ನವಳಾಗಿರುತ್ತಿರಲಿಲ್ಲ. ಆಟೋರಿಕ್ಷಾದಲ್ಲಿ ಅಪ್ಪ ಅಮ್ಮ ಇಬ್ಬರೂ ತೊಡೆ ಜೋಡಿಸಿ ಅವಳನ್ನು ಅಡ್ಡ ಮಲಗಿಸಿಕೊಳ್ಳುತ್ತಿದ್ದರು. ನಾನು ಗೇಟಿನ ಬಳಿ ಅಜ್ಜಿಯ ಸೆರಗು ಹಿಡಿದು ನಿಲ್ಲುತ್ತಿದ್ದೆ. ಬೀದಿಯ ತುದಿಯಲ್ಲೊಂದು ಹಳ್ಳವಿತ್ತು. ಆಟೋ ಅದರಲ್ಲಿ ಇಳಿದು ಹತ್ತುವಾಗ ಅವಳು ಕೂಗುವುದು ನಮ್ಮ ಗೇಟಿಗೆ ಕೇಳಿಸುತ್ತಿತ್ತು. ಆ ಕೂಗು ಕೇಳಿದ ಮೇಲೆ ಅವರು ವಾಪಸ್ಸು ಬರುವವರೆಗೂ ನಾನು ವರಾಂಡದ ಮೆಟ್ಟಿಲು ಬಿಟ್ಟು ಏಳುತ್ತಿರಲಿಲ್ಲ. ಮೂರನೆಯ ಸಲ ಹೋಗಿಬಂದ ದಿನ ಅಪ್ಪ ಅಂಗಿ ಬಿಚ್ಚದೆ ಗೋಡೆಗೊರಗಿ ಕೂತರು.

"ಒಂದು ಕಾರು ತಗೋತೀನಿ," ಎಂದರು.

ಅಜ್ಜಿ ನಕ್ಕಳು. ಅಪ್ಪ ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಕಾರ್ಖಾನೆಯಲ್ಲಿ ಲೇತ್ ಕೆಲಸ ಮಾಡುತ್ತಿದ್ದವರು, ಸೈಕಲ್ಲಿನಲ್ಲಿ ಹೋಗಿ ಬರುತ್ತಿದ್ದವರು. ಆದರೆ ಅವರು ತಮಾಷೆ ಮಾಡುತ್ತಿರಲಿಲ್ಲ. ಅತ್ತಿಗುಪ್ಪೆಯ ಆಚೆ ಅವರೊಂದು ಸೈಟು ಮಾಡಿಟ್ಟಿದ್ದರು. ನಾಲ್ಕೂ ಮೂಲೆಗೆ ಕಲ್ಲು ನೆಟ್ಟು, ಭಾನುವಾರ ನಮ್ಮನ್ನು ಕರೆದುಕೊಂಡು ಹೋಗಿ ಇಲ್ಲಿ ಅಡುಗೆಮನೆ, ಇಲ್ಲಿ ದೇವರಮನೆ ಎಂದು ಹುಲ್ಲಿನ ಮೇಲೆ ನಡೆದು ತೋರಿಸುತ್ತಿದ್ದ ಸೈಟು. ಕಾರಿನ ದುಡ್ಡಿಗೆ ಅದು ಹೋಯಿತು.

ಹಳೇ ಕಾರುಗಳು ಎರಡು ನೋಡಲು ಸಿಕ್ಕವು. ಒಂದು ಕರಿ ಕಾರು, ಗೋವಿಂದರಾಜನಗರದ ಒಬ್ಬ ಕಂಟ್ರಾಕ್ಟರದು. ಇನ್ನೊಂದು ನೀಲಿ ಕಾರು, ನಮ್ಮ ರಾಜಾಜಿನಗರದಲ್ಲೇ ಇದ್ದ ಒಬ್ಬ ರಿಟೈರಾದ ಇಂಜಿನಿಯರು ಪರದೇಶದಿಂದ ಬರುವಾಗ ಹಡಗಿನಲ್ಲಿ ತಂದದ್ದು. ಅವುಗಳ ಕಂಪನಿಯ ಹೆಸರು ನಮ್ಮ ಮನೆಯಲ್ಲಿ ಯಾರ ಬಾಯಿಗೂ ಹತ್ತಲಿಲ್ಲ, ಕರಿ ಕಾರು, ನೀಲಿ ಕಾರು ಎಂದೇ ಕರೆದೆವು. ಅಪ್ಪ ಹಳೇ ಕ್ಯಾಲೆಂಡರಿನ ಹಾಳೆ ಹರಿದು, ಹಿಂಬದಿಯಲ್ಲಿ ಕೆಂಪು ಪೆನ್ಸಿಲಿನಿಂದ ನಡುವೆ ಗೆರೆ ಎಳೆದು, ರತ್ನಳಿಗೆ ಕಾಣುವಂತೆ ಮಂಚದ ಎದುರಿನ ಗೋಡೆಗೆ ಅಂಟಿಸಿದರು. ದಿನಾ ಸಂಜೆ ಕೆಲಸದಿಂದ ಬಂದು ಕೈಕಾಲು ತೊಳೆದು, ಕಾಫಿ ಲೋಟ ಹಿಡಿದುಕೊಂಡು ಗೆರೆಯ ಆ ಕಡೆ ಒಂದು, ಈ ಕಡೆ ಒಂದು ಬರೆಯುತ್ತಿದ್ದರು. ಒಂದು ತಿಂಗಳು ನಮ್ಮ ಮನೆಗೆ ಬೇರೆ ಮಾತೇ ಇರಲಿಲ್ಲ. ಕಾಯಿಲೆಯ ಮಾತಿಗಿಂತ ಕಾರಿನ ಮಾತು ಎಲ್ಲರಿಗೂ ಹಿತವಾಗಿತ್ತು ಅಂತ ಈಗ ತಿಳಿಯುತ್ತದೆ.

ಎರಡಕ್ಕೂ ಇಂಜಿನ್ನು ಮುಂದೆಯೇ ಇತ್ತು. ಆದರೆ ಕರಿ ಕಾರಿನಲ್ಲಿ ಇಂಜಿನ್ನಿನ ಶಕ್ತಿ ಒಂದು ಉದ್ದನೆಯ ಕಬ್ಬಿಣದ ಶಾಫ್ಟಿನ ಮೂಲಕ ಕಾರಿನ ಹೊಟ್ಟೆಯಡಿ ಹಾದುಹೋಗಿ ಹಿಂದಿನ ಗಾಲಿಗಳನ್ನು ತಿರುಗಿಸುತ್ತಿತ್ತು. ನೀಲಿ ಕಾರಿನಲ್ಲಿ ಆ ಶಾಫ್ಟೇ ಇಲ್ಲ. ಇಂಜಿನ್ನೂ ಮುಂದೆ, ತಿರುಗುವ ಗಾಲಿಗಳೂ ಮುಂದೆ. ಹಿಂದಿನವು ಸುಮ್ಮನೆ ಹಿಂಬಾಲಿಸುತ್ತವೆ. ಅಪ್ಪ ಇದನ್ನು ಬೆಂಕಿಪೆಟ್ಟಿಗೆ, ಕಡ್ಡಿ ಇಟ್ಟುಕೊಂಡು ವಿವರಿಸಿದಾಗ ಅಜ್ಜಿ ಕರಿ ಕಾರಿನ ಬಗ್ಗೆ ಮೂಗು ಮುರಿದಳು. ಈ ಬಡಾವಣೆ ಎದ್ದಿರುವ ನೆಲದಲ್ಲೇ ಒಂದು ಕಾಲಕ್ಕೆ ರಾಗಿ ಬೆಳೆದವಳು ಅವಳು.

"ಎತ್ತು ಮುಂದೈತೆ, ಗಾಡಿ ತಳ್ಳೋದು ಹಿಂದಿನ್ ಗಾಲಿನಾ? ಇದ್ಯಾವೂರ ಬೇಸಾಯ್ವೋ?"

"ಊರಲ್ಲಿರೋ ಗಾಡಿ ಎಲ್ಲಾ ಹಂಗೇ ಕಣವ್ವಾ. ಈ ನೀಲಿದೇ ಬೇರೆ ಥರ."

"ಹಂಗಾರೆ ಎಳೆಯೋದನ್ನೇ ತಗೋ. ಎಳೆಯೋದು ಧರ್ಮ, ತಳ್ಳೋದು ಯಾವಾಗ್ಲೂ ಕೇಡು."

ಅಮ್ಮ ಕರಿ ಕಾರಿನ ಪಕ್ಷ. ನೀಲಿ ಕಾರು ಸ್ಕೂಟರಿನ ಹಾಗೆ ಪೆಟ್ರೋಲಿಗೆ ಎಣ್ಣೆ ಬೆರೆಸಿಕೊಂಡು ಓಡುವಂಥದ್ದು, ಹೊಗೆ ನಾರುತ್ತಿತ್ತು. ಅದರ ಬಿಡಿಭಾಗ ಊರಲ್ಲೆಲ್ಲೂ ಸಿಗುವುದಿಲ್ಲ. ಅದನ್ನು ಬಿಚ್ಚಿ ಜೋಡಿಸಲು ಬರುವ ಮೆಕಾನಿಕ್ಕು ಇಡೀ ಬೆಂಗಳೂರಿಗೆ ಒಬ್ಬರೇ, ಕಲಾಸಿಪಾಳ್ಯದ ಬಾಷಾ ಸಾಬರು. ಸ್ಟೇರಿಂಗ್ ಪೂರ್ತಿ ತಿರುಗಿಸಿದರೆ ಮುಂದಿನ ಗಾಲಿಯ ಜಾಯಿಂಟು ಆಗಲೇ ಟಕ್ ಟಕ್ ಎನ್ನುತ್ತಿತ್ತು. ಕರಿ ಕಾರೂ ಸಾಚಾ ಏನಲ್ಲ, ಹೊರಡುವಾಗ ಶಾಫ್ಟಿನ ಬುಡದಲ್ಲಿ ಡಬ್ ಅಂತ ಒಂದು ಏಟು ಕೊಡುತ್ತಿತ್ತು. ಆದರೆ ಅದನ್ನು ಮರದಡಿ ಕೂತ ಮೆಕಾನಿಕ್ಕೂ ಸರಿ ಮಾಡಬಲ್ಲ.

"ಮಗು ಮಲಗ್ಸಿಕೊಂಡು ಹೋಗ್ತಾ ದಾರೀಲಿ ನಿಂತೋದ್ರೆ ಯಾರನ್ನ ಕರೀತೀರಿ? ಆ ಸಾಬ್ರು ಕಲಾಸಿಪಾಳ್ಯದಿಂದ ರೆಕ್ಕೆ ಕಟ್ಕೊಂಡು ಬರ್ತಾರಾ?"

"ಲೇತ್ ಮುಂದೆ ಹದಿನೈದು ವರ್ಷದಿಂದ ನಿಂತಿದೀನಿ ಕಣೇ. ಸಿಗದೇ ಇರೋ ಸಾಮಾನು ನಾನೇ ಕಡೀತೀನಿ."

ಇಬ್ಬರ ದನಿಯೂ ಏರಿತು, ರತ್ನಳ ನೆನಪಾಗಿ ಇಬ್ಬರೂ ಒಟ್ಟಿಗೇ ಇಳಿಸಿದರು. ಆ ವರ್ಷ ಜಗಳಗಳೂ ತುದಿಗಾಲಲ್ಲೇ ನಡೆಯುತ್ತಿದ್ದವು.

ಒಂದು ಭಾನುವಾರ ಕರಿ ಕಾರನ್ನು ಅಪ್ಪ ಮನೆಯ ಮುಂದಕ್ಕೇ ತಂದು ನಿಲ್ಲಿಸಿದರು. ಕಾರ್ಖಾನೆಯ ವ್ಯಾನು ಓಡಿಸಿ ಅವರಿಗೆ ಡ್ರೈವಿಂಗ್ ಬರುತ್ತಿತ್ತು. ಅವರ ಏರ್ಪಾಡು ಹೀಗಿತ್ತು: ಮುಂದಿನ ಎಡಗಡೆ ಸೀಟು ಕಿತ್ತುಹಾಕಿ, ಅಲ್ಲಿಂದ ಹಿಂದಿನ ಸೀಟಿನವರೆಗೆ ಉದ್ದುದ್ದ ಒಂದು ಹಲಗೆ. ಅದರ ಮೇಲೆ ಪ್ಲಾಸ್ಟರಿನ ಹಾಸಿಗೆ ಸಮೇತ ರತ್ನ. ಹಿಂದೆ ಬಲಗಡೆ ಅಮ್ಮ. ಅಜ್ಜಿ ಬಾಗಿಲಿನಿಂದ ಒಳಗೆ ಬಗ್ಗಿ ನೋಡಿದಳು. ನೆಲದ ನಡುವೆ ಮುಂದಿನಿಂದ ಹಿಂದಿನವರೆಗೆ ತಗಡು ಉಬ್ಬಿಕೊಂಡಿತ್ತು, ಅದರೊಳಗೇ ಶಾಫ್ಟು ಓಡುವುದು.

"ಇದೇನ್ಲಾ ಇದಕ್ಕೆ ಗೂನು!"

ಹೇಳಿದ ತಕ್ಷಣ ಬಾಯಿಗೆ ಸೆರಗು ಒತ್ತಿಕೊಂಡಳು. ಅಮ್ಮ ಒಳಗೆ ಹೋದಳು. ಅಡುಗೆಮನೆಯಲ್ಲಿ ಪಾತ್ರೆಯ ಸದ್ದೂ ಬರಲಿಲ್ಲ. ಅಜ್ಜಿ ಆವತ್ತು ಮಧ್ಯಾಹ್ನ ಊಟ ಮಾಡಲಿಲ್ಲ. ಅಂದಿನಿಂದ ನಾವು ಅದನ್ನು ದಿಬ್ಬ ಎಂದು ಕರೆದೆವು.

ನನಗೆ ಆ ದಿಬ್ಬದ ಮೇಲೆ ಬೇರೆಯದೇ ಸಿಟ್ಟಿತ್ತು. ನಾನೆಲ್ಲಿ ಕೂರುವುದು ಎಂದು ಕೇಳಿದೆ. ಹಲಗೆಯ ಒಂದು ಅಂಚು ದಿಬ್ಬದ ಮೇಲೇ ಕೂರಬೇಕು, ಇಲ್ಲದಿದ್ದರೆ ಅದು ನಿಲ್ಲುವುದಿಲ್ಲ ಎಂದು ಅಪ್ಪ ತೋರಿಸಿದರು. "ಇದರಲ್ಲಾದ್ರೆ ನಿನಗೆ ಜಾಗ ಇಲ್ಲ ಪುಟ್ಟಿ. ಅಜ್ಜಿ ಜೊತೆ ಮನೇಲಿರು." ಮಾರನೆಯ ವಾರ ಇಂಜಿನಿಯರ ಮನೆಗೆ ಕರೆದೊಯ್ದು ನೀಲಿ ಕಾರು ತೋರಿಸಿದರು. ಶಾಫ್ಟಿಲ್ಲ, ಹಾಗಾಗಿ ದಿಬ್ಬವೂ ಇಲ್ಲ. ನೆಲ ನಮ್ಮ ನಡುಮನೆಯಷ್ಟೇ ಚಪ್ಪಟೆ. ಹಲಗೆ ಇಡುವ ಜಾಗದ ಪಕ್ಕದಲ್ಲಿ, ಸರಿಯಾಗಿ ಅಕ್ಕನ ಸೊಂಟದ ಬಳಿ, ಮಂಡಿ ಮಡಿಸಿ ಕೂರಲು ಒಬ್ಬ ಒಂಬತ್ತು ವರ್ಷದ ಹುಡುಗಿಗೆ ಬೇಕಾದಷ್ಟು ಜಾಗವಿತ್ತು. ನಾನು ಕೂತು ನೋಡಿದೆ. ನನಗೆ ಆ ಕಾರು ಬೇಕೇಬೇಕೆನಿಸಿತು. ಯಾವ ಬೊಂಬೆಗೂ ಯಾವ ಲಂಗಕ್ಕೂ ನಾನು ಹಾಗೆ ಆಸೆಪಟ್ಟದ್ದಿಲ್ಲ.

ಕೊನೆಗೆ ಅಪ್ಪ, ಎರಡೂ ಕಾರಿನ ಮಾಲೀಕರನ್ನು ಒಪ್ಪಿಸಿ, ಒಂದು ಪರೀಕ್ಷೆ ಹೂಡಿದರು. ಯಾವ ಗಾಡಿ ಎಷ್ಟು ಕುಲುಕುತ್ತದೆಂದು ಬಾಯಿಮಾತಲ್ಲಿ ಹೇಳಲಾಗುವುದಿಲ್ಲ, ಅಳೆಯಬೇಕು ಎಂದರು. ಅಮ್ಮನ ಮದುವೆಯ ಹಿತ್ತಾಳೆ ತಂಬಿಗೆ ತಂದು, ಕಂಠದವರೆಗೆ ನೀರು ತುಂಬಿ, ಬಟ್ಟೆಯ ಸಿಂಬಿಯ ಮೇಲೆ ಹಲಗೆಯ ನಡುವೆ ಇಡುವುದು. ಅದರ ಪಕ್ಕದಲ್ಲಿ ರತ್ನಳ ಬದಲಿಗೆ ನಾನು ಮಲಗುವುದು, ಹಲಗೆಯ ಮೇಲೆ ಒಂದಿಷ್ಟು ಭಾರ ಇರಲಿ ಎಂದು. ಮನೆಯಿಂದ ಕಾರ್ಡ್ ರೋಡು, ಮಾಗಡಿ ರೋಡು ಹಿಡಿದು ಆಸ್ಪತ್ರೆಯ ಗೇಟಿನವರೆಗೆ ಹೋಗಿ ಬರುವುದು. ಆಮೇಲೆ ತೆಂಗಿನಕಡ್ಡಿ ಇಳಿಸಿ, ನೀರು ಎಷ್ಟು ಬೆರಳು ಇಳಿದಿದೆಯೆಂದು ನೋಡುವುದು.

"ತುಂಬಿದ ಕೊಡ ತುಳುಕೋದಿಲ್ಲ ಅಂತಾರೆ. ನೀನು ನೋಡಿದ್ರೆ ತುಂಬಿಸಿ ತುಳುಕ್ಸೋಕೆ ಹೊರಟಿದ್ದೀಯಲ್ಲೋ," ಎಂದಳು ಅಜ್ಜಿ.

"ಮನುಷ್ಯರು ಮುಲಾಜಿಗೆ ಸುಳ್ಳು ಹೇಳ್ತಾರೆ ಕಣವ್ವಾ. ನೀರು ಸುಳ್ಳು ಹೇಳಲ್ಲ," ಎಂದರು ಅಪ್ಪ. ನನ್ನ ಕಡೆ ತಿರುಗಿ, "ವಿಜಿ, ಏನೇ ಆಗ್ಲಿ ತಂಬಿಗೆ ಮುಟ್ಬಾರ್ದು. ತಿಳೀತಾ?" ಎಂದರು.

ಕರಿ ಕಾರಿನಲ್ಲಿ ನಾನು ಮುಟ್ಟಲಿಲ್ಲ. ಪ್ರಾಮಾಣಿಕವಾಗಿ ಮಲಗಿದ್ದೆ, ನೀರು ತುಳುಕಿ ನನ್ನ ಮೊಣಕೈ ನೆನೆಯಿತು. ಮೂರು ಬೆರಳು ಇಳಿದಿತ್ತು. ಮುಂದಿನ ಭಾನುವಾರ ನೀಲಿ ಕಾರು. ಬೀದಿಯ ತುದಿಯ ಹಳ್ಳದಲ್ಲೇ ತಂಬಿಗೆ ವಾಲಿ ಒಂದು ಗುಟುಕು ಚೆಲ್ಲಿತು. ಅಪ್ಪನ ತಲೆ ಮುಂದಕ್ಕೆ ನೋಡುತ್ತಿತ್ತು. ಹಿಂದೆ ಯಾರೂ ಇರಲಿಲ್ಲ. ನಾನು ಎರಡೂ ಕೈಯಲ್ಲಿ ತಂಬಿಗೆಯ ಕೊರಳು ಹಿಡಿದು, ಎತ್ತಿ ನನ್ನ ಹೊಟ್ಟೆಯ ಮೇಲೆ ಇಟ್ಟುಕೊಂಡೆ. ಗಾಡಿ ಕುಲುಕಿದಾಗಲೆಲ್ಲ ಉಸಿರು ಬಿಗಿಹಿಡಿದು ಅದನ್ನು ಗಾಳಿಯಲ್ಲಿ ತೇಲಿಸಿದೆ. ಮಾಗಡಿ ರೋಡಿನ ರೈಲ್ವೆ ಗೇಟಿನಲ್ಲಿ ನನ್ನ ತಲೆ ಹಲಗೆಗೆ ಎರಡು ಸಲ ಬಡಿಯಿತು, ನೀರು ಮಾತ್ರ ಅಲುಗಲಿಲ್ಲ. ವಾಪಸ್ಸು ನಮ್ಮ ಬೀದಿಗೆ ತಿರುಗುವಾಗ ಸಿಂಬಿಯ ಮೇಲೆ ಮೆಲ್ಲಗೆ ಇಟ್ಟೆ. ಅಪ್ಪ ಇಳಿದು ಬಂದು ಕಡ್ಡಿ ಇಳಿಸಿ ನೋಡಿದರು. ಅವರ ಮುಖ ಆ ವರ್ಷದಲ್ಲಿ ಅಷ್ಟು ಅರಳಿದ್ದನ್ನು ನಾನು ನೋಡಿರಲಿಲ್ಲ.

"ಅರ್ಧ ಬೆರಳು! ಲೇ, ಬಾರೇ ಇಲ್ಲಿ, ನೋಡು ಬಾ! ಅರ್ಧ ಬೆರಳೂ ಇಳಿದಿಲ್ಲ!"

ಅಮ್ಮ ಬಂದು ನೋಡಿದಳು, ಅಜ್ಜಿ ನೋಡಿದಳು. ತಂಬಿಗೆಯನ್ನು ಹಾಗೇ ಎತ್ತಿಕೊಂಡು ಹೋಗಿ ಮಲಗಿದ್ದ ರತ್ನಳಿಗೂ ತೋರಿಸಿದರು. ಕರಿ ಕಾರಿನ ಪಕ್ಷದ ಅಮ್ಮ ಸೋತು, ಸೋತದ್ದಕ್ಕೆ ಸಂತೋಷಪಟ್ಟು, ತಂಬಿಗೆಗೆ ಕುಂಕುಮ ಹಚ್ಚಿ ದೇವರ ಮುಂದೆ ಇಟ್ಟಳು. ನನ್ನ ಲಂಗದ ಹೊಟ್ಟೆ ಒದ್ದೆಯಾಗಿದ್ದದ್ದನ್ನು ಯಾರೂ ಗಮನಿಸಲಿಲ್ಲ.

ನೀಲಿ ಕಾರು ಮನೆಗೆ ಬಂತು. ನಾಲ್ಕು ಗಾಲಿಗೆ ನಾಲ್ಕು ನಿಂಬೆಹಣ್ಣು, ಮುಂದೆ ಒಂದು ಕುಂಬಳಕಾಯಿ. ಅಂದಿನಿಂದ ಎರಡು ವಾರಕ್ಕೊಮ್ಮೆ ನಾನು ಸ್ಕೂಲಿಗೆ ಚಕ್ಕರ್ ಹೊಡೆದು ಆ ಚಪ್ಪಟೆ ನೆಲದ ಮೇಲೆ ಕೂರತೊಡಗಿದೆ. ಅಕ್ಕನ ಎಡಗೈ ನನ್ನ ಕೈಯಲ್ಲಿರುತ್ತಿತ್ತು. ಅವಳಿಗೆ ಸೂರು ಬಿಟ್ಟರೆ ಏನೂ ಕಾಣದು, ಹಾಗಾಗಿ ಕಿಟಕಿಯಾಚೆ ಕಂಡದ್ದನ್ನೆಲ್ಲ ನಾನು ಹೇಳಬೇಕು: ಕಡಲೆಪುರಿ ಗಾಡಿ, ಸೌದೆ ಡಿಪೋ, ಗೋಡೆಯ ಮೇಲೆ ಸಿನಿಮಾ ಪೋಸ್ಟರು ಅಂಟಿಸುವವನು. ಕೆಲವನ್ನು ನಾನೇ ಹುಟ್ಟಿಸಿ ಹೇಳುತ್ತಿದ್ದೆ. ಒಂದು ಸಲ ಮಾಗಡಿ ರೋಡಿನಲ್ಲಿ ಆನೆ ನಿಲ್ಲಿಸಿದೆ. "ಸುಳ್ಳಿ," ಎಂದು ಅವಳು ನನ್ನ ಬೆರಳು ಹಿಂಡಿದಳು. ನನ್ನ ಬಾಲ್ಯದ ಸುಖ ಎಂದು ಯಾರಾದರೂ ಕೇಳಿದರೆ, ಎಣ್ಣೆ ಹೊಗೆಯ ವಾಸನೆಯ ಆ ಕಾರಿನ ನೆಲ ಎಂದೇ ನಾನು ಹೇಳಬೇಕು. ಹೇಳಲು ನಾಲಿಗೆ ಏಳುವುದಿಲ್ಲ.

ಏಕೆಂದರೆ ಅವಳಿಗೆ ನೋಯುತ್ತಿತ್ತು. ಆಟೋದಷ್ಟಲ್ಲ, ಆದರೂ ನೋಯುತ್ತಿತ್ತು. ಎರಡನೆಯದೋ ಮೂರನೆಯದೋ ಪ್ರಯಾಣದಲ್ಲಿ ರೈಲ್ವೆ ಗೇಟು ದಾಟುವಾಗ ಅವಳು ಅಮ್ಮಾ ಎಂದು ಕೂಗಿದಳು. ಅಪ್ಪ ಗಾಡಿ ನಿಲ್ಲಿಸಿ ಹಿಂದೆ ತಿರುಗಿದರು. ಸಿಟ್ಟಿನಿಂದಲ್ಲ, ಪ್ರೀತಿಯಿಂದಲೇ ಹೇಳಿದರು.

"ರತ್ನಮ್ಮ, ಈ ಗಾಡೀಲಿ ತಂಬಿಗೆ ನೀರೇ ತುಳುಕ್ಲಿಲ್ಲ ಕಣಮ್ಮ. ನೀನೇ ನೋಡಿದ್ಯಲ್ಲ. ಹೆದರಿಕೆಗೆ ಹಂಗನ್ಸುತ್ತೆ. ಸ್ವಲ್ಪ ಧೈರ್ಯ ತಗೋ."

ಅಮ್ಮನೂ ಹೌದೆಂದಳು. ಅವಳು ಮತ್ತೊಮ್ಮೆ ಕೂಗಿದಾಗಲೂ ಇದೇ ಮಾತು. ಮೂರನೆಯ ಸಲ ಅವಳು ಕೂಗಲಿಲ್ಲ. ತುಟಿ ಒಳಕ್ಕೆ ಎಳೆದುಕೊಂಡು ಸೂರು ನೋಡುತ್ತಿದ್ದಳು. ಮನೆಗೆ ಬಂದ ಮೇಲೆ ಅಪ್ಪ, "ನೋಡು, ಇವತ್ತು ಗೊತ್ತೇ ಆಗ್ಲಿಲ್ಲ ಅಲ್ವಾ?" ಎಂದಾಗ ಹೂಂ ಎಂದಳು. ಅವಳಿಗೆಷ್ಟು ನೋಯುತ್ತಿದೆಯೆಂದು ತಿಳಿಯುತ್ತಿದ್ದವಳು ನಾನೊಬ್ಬಳೇ, ಏಕೆಂದರೆ ಅವಳ ಕೈ ನನ್ನ ಕೈಯಲ್ಲಿತ್ತು. ಹಳ್ಳ ಬಂದಾಗಲೆಲ್ಲ ಅವಳ ಉಗುರು ನನ್ನ ಅಂಗೈಗೆ ಇಳಿಯುತ್ತಿತ್ತು. ನಾನು ಸುಳ್ಳು ಹೇಳಿ ಗಿಟ್ಟಿಸಿಕೊಂಡ ಜಾಗದಲ್ಲಿ ಕೂತು, ಆ ಸುಳ್ಳಿನಿಂದಾಗಿ ಅವಳ ನೋವನ್ನು ಯಾರೂ ನಂಬದಂತಾದದ್ದನ್ನು ನೋಡುತ್ತಿದ್ದೆ. ಬಾಯಿ ಬಿಡಲಿಲ್ಲ. ಚಿಕ್ಕವಳು, ತಿಳಿಯಲಿಲ್ಲ ಎನ್ನಬಹುದು. ಇಲ್ಲ, ತಿಳಿಯುತ್ತಿತ್ತು.

ಮಳೆಗಾಲದಲ್ಲಿ ಅಮ್ಮ ಹೆದರಿದ್ದೇ ಆಯಿತು. ಅಪ್ಪ ಒಬ್ಬರೇ ಪೆಟ್ರೋಲು ಹಾಕಿಸಲು ಹೋಗಿದ್ದಾಗ ಮುಂದಿನ ಗಾಲಿಯ ಜಾಯಿಂಟು ಮುರಿಯಿತು, ಗಾಡಿಯನ್ನು ತಳ್ಳಿಕೊಂಡು ಬಂದರು. ಬಾಷಾ ಸಾಬರು ಬಂದು ಬಿಚ್ಚಿ, ಜಾಯಿಂಟಿನೊಳಗೆ ಸವೆದು ಮುರಿದಿದ್ದ ಶಿಲುಬೆಯಾಕಾರದ ತುಂಡು, ಕ್ರಾಸನ್ನು, ಚಿಂದಿಯಲ್ಲಿ ಒರೆಸಿ ಅಪ್ಪನ ಕೈಗಿಟ್ಟರು.

"ಇದು ಎಲ್ಲೂ ಸಿಗಲ್ಲ ಭಾಯ್. ಇಂಥಾದ್ದು ನಿಮ್ ಕೈಯಲ್ಲೇ ಆಗ್ಬೇಕು."

ಅಪ್ಪ ಮಾಲೀಕರನ್ನು ಕೇಳಿಕೊಂಡು ಮೂರು ಭಾನುವಾರ ಕಾರ್ಖಾನೆಯ ಲೇತಿನಲ್ಲಿ ಅದನ್ನು ಕಡೆದರು, ಎರಡೂ ಗಾಲಿಗೆ ಎರಡು. ಮೂರನೆಯ ಭಾನುವಾರ ಮನೆಯ ಮುಂದೆ ಕಾರಿನಡಿ ಅಂಗಾತ ಮಲಗಿ ಜೋಡಿಸುವಾಗ ಸ್ಪ್ಯಾನರು ಎತ್ತಿಕೊಟ್ಟವಳು ನಾನು. "ಇನ್ನು ಹತ್ತು ವರ್ಷ ಇದರ ಕಡೆ ತಿರುಗಿ ನೋಡೋ ಹಂಗಿಲ್ಲ," ಎಂದು ಕೈಯ ಗ್ರೀಸು ಒರೆಸಿಕೊಂಡರು. ಸ್ಟೇರಿಂಗ್ ತಿರುಗಿಸಿದರೆ ಟಕ್ ಟಕ್ ಸದ್ದೂ ನಿಂತುಹೋಗಿತ್ತು.

ಅದರ ಮಾರನೆಯ ದಿನವೇ ಇರಬೇಕು. ಮಧ್ಯಾಹ್ನ, ಅಜ್ಜಿ ವರಾಂಡದಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು, ಅಮ್ಮ ರುಬ್ಬಲು ಪಕ್ಕದ ಮನೆಗೆ ಹೋಗಿದ್ದಳು. ನಾನು ಮಂಚದ ಬಳಿ ಚಾಪೆಯ ಮೇಲೆ ಮಲಗಿದ್ದೆ. ಹಲ್ಲಿಯನ್ನು ನೋಡುತ್ತಾ ಹೇಳಿಬಿಟ್ಟೆ.

"ಅಕ್ಕಾ, ನೀಲಿ ಕಾರಲ್ಲಿ ನಾನು ತಂಬಿಗೆ ಕೈಯಲ್ಲಿ ಹಿಡ್ಕೊಂಡಿದ್ದೆ."

ತಿರುಗಿ ನನ್ನನ್ನು ನೋಡಲು ಅವಳಿಗೆ ಆಗುತ್ತಿರಲಿಲ್ಲ, ಅದು ನನಗೆ ಅನುಕೂಲವೇ ಆಯಿತು.

"ಯಾಕೇ?"

"ಕರಿ ಕಾರಲ್ಲಿ ನಂಗೆ ಜಾಗ ಇರ್ಲಿಲ್ಲ."

ಅವಳು ಅಳುತ್ತಿದ್ದಾಳೇನೋ ಎಂದುಕೊಂಡೆ. ಎದ್ದು ನೋಡಿದರೆ ಅಳುತ್ತಿರಲಿಲ್ಲ.

"ಅಪ್ಪಂಗೆ ಹೇಳ್ತೀನಿ," ಎಂದೆ.

"ಹೇಳ್ಬೇಡ ಕಣೇ."

"ನಿಂಗೆ ನೋಯುತ್ತಲ್ಲ."

"ಹೇಳಿದ್ರೆ ಅಪ್ಪ ಕರಿ ಕಾರು ತರ್ತಾರೆ. ನೀನು ಗೇಟ್ ಹತ್ರ ನಿಂತಿರ್ತೀಯ. ಹೇಳ್ಬೇಡ, ನನ್ನಾಣೆ."

ಹದಿಮೂರು ವರ್ಷದ ಹುಡುಗಿ ಅವಳು. ಅವಳಿಗಿಂತ ನಾಲ್ಕು ಪಟ್ಟು ವಯಸ್ಸಾದ ಮೇಲೂ ಅಂಥ ಒಂದು ಮಾತನ್ನು ನಾನು ಯಾರಿಗೂ ಆಡಿಲ್ಲ. ಆಣೆ ಎಂದರೆ ಆಗ ನಮಗೆ ಆಣೆಯೇ, ಮುರಿದರೆ ಆಣೆಯಿಟ್ಟವರು ಸಾಯುತ್ತಾರೆಂದು ನಂಬಿದ್ದೆವು. ನಾನು ಮುರಿಯಲಿಲ್ಲ. ಆದರೂ ಅವಳು ಉಳಿಯಲಿಲ್ಲ. ಸೋಂಕು ಮಿದುಳಿಗೆ ಏರಿತೆಂದು ಡಾಕ್ಟರು ಹೇಳಿದರು, ಗಾಡಿಗೂ ಇದಕ್ಕೂ ಸಂಬಂಧವಿಲ್ಲ, ನೀವು ಮಾಡಿದಷ್ಟು ಯಾರೂ ಮಾಡಿರಲಾರರು ಎಂದು ಅಪ್ಪನ ಹೆಗಲು ಹಿಡಿದು ಹೇಳಿದರು. ಅದು ನಿಜವೇ ಇರಬೇಕು, ನಾನೂ ನಂಬುತ್ತೇನೆ. ಕೊನೆಯ ಸಲ ಅವಳನ್ನು ಕರೆದೊಯ್ದದ್ದು ಆ ಕಾರಿನಲ್ಲೇ. ನಾನು ನನ್ನ ಜಾಗದಲ್ಲಿ ಕೂತಿದ್ದೆ. ಅಂದು ಹಳ್ಳ ಬಂದರೂ ಅವಳ ಕೈ ನನ್ನ ಕೈಯನ್ನು ಹಿಂಡಲಿಲ್ಲ. ಅವಳಿಗೆ ನೋವು ಕಡಿಮೆಯಾಗಿದೆ ಎಂದುಕೊಂಡು ನಾನು ಒಳಗೊಳಗೇ ಹಿಗ್ಗಿದೆ.

ಹನ್ನೊಂದರ ತಿಥಿ ಕಳೆಯಿತು. ಅಮ್ಮ ಬಾಗಿಲಿನ ಚೌಕಟ್ಟಿನ ಸೀರೆ ತುಂಡುಗಳನ್ನು ಬಿಚ್ಚಿ ಮಡಿಸಿ ಇಟ್ಟಳು, ಒರಳುಕಲ್ಲು ಮತ್ತೆ ಮನೆಯಲ್ಲೇ ತಿರುಗತೊಡಗಿತು. ಅದರ ಸದ್ದು ಕೇಳಲಾರದೆ ಅಜ್ಜಿ ವರಾಂಡದಲ್ಲಿ ಕಿವಿ ಮುಚ್ಚಿ ಕೂರುತ್ತಿದ್ದಳು. ನಡುಮನೆಯಲ್ಲಿ ಈಗ ಓಡಬಹುದಿತ್ತು, ನಾನು ಓಡಲಿಲ್ಲ. ಕಾರು ಮಾರಿಬಿಡುವುದೆಂದು ಅಪ್ಪ ಹೇಳಿದರು, ಯಾರೂ ಬೇಡವೆನ್ನಲಿಲ್ಲ. ಮಾರುವ ಹಿಂದಿನ ದಿನ, ಭಾನುವಾರ ಬೆಳಿಗ್ಗೆ, ಅವರು ಸ್ನಾನ ಮಾಡಿ ಬಂದು ಅಡುಗೆಮನೆಯಿಂದ ಹಿತ್ತಾಳೆ ತಂಬಿಗೆ ತಂದರು.

"ಎಲ್ಲಿಗ್ರೀ?" ಎಂದಳು ಅಮ್ಮ.

"ಅವಳು ಒಂದೆರಡು ಸಲ ನೋವು ಅಂತ ಕೂಗಿದ್ಲಲ್ಲ. ನಾನು ಇಲ್ಲ ಅಂದೆ," ಎಂದರು ಅಪ್ಪ. ಅಷ್ಟೇ ಹೇಳಿ ನನ್ನನ್ನು ಕರೆದರು. "ಬಾ ವಿಜಿ. ಒಂದು ಸಲ ನೋಡಿಬಿಡೋಣ."

ಹಲಗೆ ಕಾರಿನಲ್ಲೇ ಇತ್ತು. ಅದರ ನಡುವೆ ಸಿಂಬಿ ಇಟ್ಟು, ತಂಬಿಗೆ ಇಟ್ಟು, ಕಂಠದವರೆಗೆ ನೀರು ತುಂಬಿದರು. ಈ ಸಲ ನನ್ನನ್ನು ಹಲಗೆಯ ಮೇಲೆ ಮಲಗಿಸಲಿಲ್ಲ. ಹಿಂದೆ ಬಲಗಡೆ, ಅಮ್ಮನ ಜಾಗದಲ್ಲಿ ಕೂರಿಸಿದರು. ಮುಟ್ಟಬೇಡ ಎಂದು ಹೇಳಲೂ ಇಲ್ಲ. ಬೀದಿಯ ತುದಿಯ ಹಳ್ಳದಲ್ಲಿ ಮೊದಲ ಗುಟುಕು ಚೆಲ್ಲಿತು. ಕಾರ್ಡ್ ರೋಡಿನಲ್ಲಿ ಇನ್ನಷ್ಟು. ರೈಲ್ವೆ ಗೇಟಿನಲ್ಲಿ ತಂಬಿಗೆ ಪೂರ್ತಿ ವಾಲಿ ಎದ್ದಿತು. ನೀರು ಹಲಗೆಯ ಮೇಲೆ ಹರಿದು, ಅಂಚಿನಿಂದ ತೊಟ್ಟಿಕ್ಕಿ, ನಾನು ಅಷ್ಟು ದಿನ ಕೂರುತ್ತಿದ್ದ ಚಪ್ಪಟೆ ನೆಲದ ಮೇಲೆ ಬೀಳುತ್ತಿತ್ತು. ನಾನು ಎರಡೂ ಕೈಯನ್ನು ತೊಡೆಯಡಿ ಇಟ್ಟುಕೊಂಡು ಕೂತಿದ್ದೆ. ಆಸ್ಪತ್ರೆಯ ಗೇಟಿನ ಬಳಿ ಅಪ್ಪ ಗಾಡಿ ತಿರುಗಿಸಿದರು. ಒಂದು ಸಲವೂ ಹಿಂದೆ ನೋಡಲಿಲ್ಲ.

ಮನೆ ಮುಂದೆ ನಿಲ್ಲಿಸಿ, ಇಳಿದು ಬಂದು, ತೆಂಗಿನಕಡ್ಡಿ ಇಳಿಸಿದರು. ಒಣಗಿದ್ದ ಭಾಗದ ಮೇಲೆ ಬೆರಳಿಟ್ಟು ನೋಡಿದರು. ನಾಲ್ಕು ಬೆರಳು ಇಟ್ಟರೂ ಇನ್ನೂ ಕಡ್ಡಿ ಒಣಗಿಯೇ ಇತ್ತು. ಅದನ್ನು ಹಿಡಿದುಕೊಂಡು ಬಹಳ ಹೊತ್ತು ನಿಂತರು. ಆಮೇಲೆ ಹೆಗಲ ಮೇಲಿನ ಟವಲಿನಿಂದ ಹಲಗೆ ಒರೆಸಿದರು, ಬಗ್ಗಿ ನೆಲವನ್ನೂ ಒರೆಸಿದರು, ಉಳಿದ ನೀರನ್ನು ಗೇಟಿನ ಪಕ್ಕದ ದಾಸವಾಳದ ಬುಡಕ್ಕೆ ಹಾಕಿದರು. ನನಗೆ ಅಳು ಬಂತು. ಹೇಳಿಬಿಡಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅಪ್ಪನ ಒದ್ದೆ ಕೈ ನನ್ನ ತಲೆಯ ಮೇಲೆ ಬಂತು.

"ಆವಾಗ ಗಾಡಿ ಚೆನ್ನಾಗಿತ್ತು ಕಣಮ್ಮ," ಎಂದರು. "ಈಗ ಜಾಯಿಂಟ್ ಸವೆದಿದೆ. ಅದಕ್ಕೇ."

ಆ ಜಾಯಿಂಟನ್ನು ಅವರೇ ಕಡೆದು ಹಾಕಿ ಇನ್ನೂ ಎರಡು ತಿಂಗಳಾಗಿರಲಿಲ್ಲ. ಸ್ಪ್ಯಾನರು ಎತ್ತಿಕೊಟ್ಟವಳು ನಾನೆಂಬುದು ಅವರಿಗೂ ಗೊತ್ತಿತ್ತು.